ನೀಲವ್ವನ ಹೊಲಕ್ಕೆ ನಾನು ಹೊಯ್ದದ್ದು

ಶಾಂತಾ, ನಿನ್ನ ಅವ್ವನ ಹೊಲಕ್ಕೆ ವಿಷ ಹೊಯ್ದವಳು ನಾನು. ಭೂಮಿ ಯಾರ ಮೇಲೂ ಮುನಿಯಲಿಲ್ಲ. ನಾನು, ಈ ಕೈಯಿಂದ, ಹಾಡುಹಗಲು ಹೊಯ್ದೆ. ಆಮೇಲೆ ಊರ ಚಾವಡಿಯಲ್ಲಿ ನಿಂತು, ತಪ್ಪು ನೀಲವ್ವನದೇ ಎಂದು ಆಗುವ ಹಾಗೆ ಮಾತಾಡಿದೆ. ಮೊದಲನೆಯದಕ್ಕೆ ಪಾಪ ಅನ್ನುತ್ತಾರೆ. ಎರಡನೆಯದಕ್ಕೆ ಏನು ಅನ್ನುತ್ತಾರೋ — ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಅಷ್ಟು ದೊಡ್ಡ ಶಬ್ದ ನನಗೆ ಬರುವುದಿಲ್ಲ.

ಮೊನ್ನೆ ನಿನ್ನ ಮಗಳ ಕೈಗೆ ಹೊಡೆದದ್ದು ಅದಕ್ಕೇ. ನೀನು ಹಳೇ ಹುಬ್ಬಳ್ಳಿಯಿಂದ ಅವಳನ್ನು ಕರೆದುಕೊಂಡು ಉಣಕಲ್ಲಿಗೆ ಬಂದಿದ್ದೆ, ನಿನ್ನ ಅವ್ವನ ಪಾಲಿನ ಹೊಲ ಕೇಳಲಿಕ್ಕೆ. ನನ್ನ ಮಗ ಮಲ್ಲಪ್ಪ ಕೂಡಲೇ ಹೂಂ ಅಂದ. ಅವನು ಅಷ್ಟು ಲಗೂ ಹೂಂ ಅಂದದ್ದು ಯಾಕೆ ಎಂದು ನೀನು ಕೇಳಲಿಲ್ಲ. ಬದುವಿನ ಕೆಳಗೆ ನಿಂತು ಹಸಿರು ನೋಡಿ ಹಿಗ್ಗಿದೆ. ಇಷ್ಟು ವರ್ಷ ಬೋಳಾಗಿದ್ದ ಜಾಗದಲ್ಲಿ ಈಗ ಕರಿಕೆ ಹುಲ್ಲು ಚಿಗುರಿದೆ. ನೀನು ಬಾಗಿ ಒಂದು ಹಿಡಿ ಮಣ್ಣು ತೆಗೆದು ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ನೀನು ಅಂದೆಯಲ್ಲ —

“ದೊಡ್ಡವ್ವಾ, ಅವ್ವ ಹೋದಮ್ಯಾಲ ಭೂಮಿತಾಯಿ ಸಿಟ್ಟ ಇಳದೈತಿ ನೋಡ್ರಿ.”

ಹೆತ್ತ ಮಗಳ ಬಾಯಲ್ಲಿ ಈ ಮಾತು. ನಿನ್ನ ಅವ್ವ ಸತ್ತದ್ದರಿಂದ ಭೂಮಿಗೆ ಸಮಾಧಾನ ಆಯಿತಂತೆ. ನಾನು ಊರಿನ ಬಾಯಿಗೆ ಹಾಕಿದ ಸುಳ್ಳು ಓಣಿ ಓಣಿ ತಿರುಗಿ, ಹುಬ್ಬಳ್ಳಿಯವರೆಗೆ ಬಂದು, ನಿನ್ನ ನಾಲಗೆಯ ಮೇಲೆ ಕೂತಿದೆ. ಅಷ್ಟರಲ್ಲಿ ನಿನ್ನ ಮಗಳು ಒಂದು ಕರಿಕೆಯ ಎಳೆ ಕಿತ್ತು ಹಲ್ಲಲ್ಲಿ ಕಚ್ಚಿ ಆಡುತ್ತಿದ್ದಳು. ನಾನು ಹೊಡೆದೆ. ಬಾಯಿಗೆ ಬೆರಳು ಹಾಕಿ ಒರೆಸಿದೆ. ಮಗು ಕಿರುಚಿತು. ಯವ್ವಾ, ನಿನಗ ಬುದ್ಧಿ ಐತೋ ಇಲ್ಲೋ ಎಂದು ಮಲ್ಲಪ್ಪ ನನ್ನನ್ನು ಹಿಡಿದು ಎಳೆದ. ನೀನೇ ಅವನಿಗೆ ಸಮಾಧಾನ ಹೇಳಿದೆ, ಇರಲಿ ಬಿಡಣ್ಣಾ, ವಯಸ್ಸಾಗೈತಿ ಎಂದು. ಹೋಗುವಾಗ ನನ್ನ ಕಾಲು ಮುಟ್ಟಿದೆ. ಇಲ್ಲಿ ಮೆಂತ್ಯೆ, ರಾಜಗಿರಿ, ಬದನೆ ಹಾಕುತ್ತೇನೆ, ಹುಬ್ಬಳ್ಳಿ ಪೇಟೆಗೂ ಆಯಿತು ಮನೆಗೂ ಆಯಿತು ಅಂದೆ.

ಹಾಕಬೇಡ. ಮಿಕ್ಕದ್ದು ಓದದಿದ್ದರೂ ಇದೊಂದು ಓದು. ಆ ಹಸಿರನ್ನು ನಂಬಬೇಡ. ಬದುವಿನ ಕೆಳಗೆ ಬೆಳೆದದ್ದು ಯಾವುದನ್ನೂ ನೀನು ತಿನ್ನಬೇಡ, ಮಕ್ಕಳಿಗೆ ತಿನ್ನಿಸಬೇಡ, ಮಾರಬೇಡ.

ಈಗ ಯಾಕೆ ಎಂದು ಹೇಳುತ್ತೇನೆ.

ನಮ್ಮ ಮಾವ ಸತ್ತಮೇಲೆ ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು. ರೇಲ್ವೆ ಲೈನಿಗೆ ಹತ್ತಿದ ಮೇಲಿನ ಅರ್ಧ ನಿನ್ನ ದೊಡ್ಡಪ್ಪನಿಗೆ, ಅಂದರೆ ನನ್ನ ಗಂಡನಿಗೆ. ಇಳಿಜಾರಿನ ಕೆಳಗಿನ ಅರ್ಧ ನಿನ್ನ ಅಪ್ಪನಿಗೆ. ನಡುವೆ ಒಂದು ಮಣ್ಣಿನ ಬದು. ಎರಡೂ ಕಡೆ ಕಪ್ಪು ಎರೆ ಭೂಮಿ, ಬೆಣ್ಣೆಯಂಥದ್ದು. ಆದರೆ ಕರಿಕೆ ಹಿಡಿದರೆ ಆ ಮಣ್ಣಿಗೆ ಅದೇ ರೋಗ. ಮೇಲೆ ಗೇಣುದ್ದ ಕಾಣುತ್ತದೆ, ಕೆಳಗೆ ಬೇರು ಆಳುದ್ದ ಇಳಿದಿರುತ್ತದೆ. ಅದಕ್ಕೇ ನಮ್ಮ ಕಡೆ ಒಂದು ಪದ್ಧತಿ ಇತ್ತು. ಒಂದು ಬದುವಿನ ಎರಡೂ ಕಡೆಯವರು ಬೇಸಿಗೆಯಲ್ಲಿ ಕೂಡಿಯೇ ಕರಿಕೆ ಅಗೆಯಬೇಕು. ಒಬ್ಬರು ಅಗೆದು ಇನ್ನೊಬ್ಬರು ಬಿಟ್ಟರೆ ಬೇರು ಬದುವಿನ ಅಡಿಯಿಂದಲೇ ನುಸುಳಿ ಬರುತ್ತದೆ, ಅಗೆದವರು ಮೈಮುರಿದು ದುಡಿದದ್ದು ದಂಡ.

ದೊಡ್ಡ ಜ್ವರದ ವರ್ಷ ನಿನ್ನ ಅಪ್ಪ ಸತ್ತ. ನೀನಿನ್ನೂ ಮೊಲೆ ಬಿಟ್ಟಿರಲಿಲ್ಲ. ನಿನ್ನ ಅವ್ವನಿಗೆ ಅಗೆಯುವ ಕೈಗಳು ಇಲ್ಲ. ನಮ್ಮ ಮನೆಯಲ್ಲಿ ಇದ್ದವು. ನಮ್ಮ ಕಡೆ ಅಗೆಯಲು ವಡ್ಡರ ಆಳು ಹಚ್ಚಿದಾಗ, ಬದು ದಾಟಿ ಅವಳ ಕಡೆಯದನ್ನೂ ಅಗೆಯಿರಿ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನ್ನ ಗಂಡ ಕೇಳಿದ್ದ, ನೀಲವ್ವನ ಕಡೆನೂ ಹಚ್ಚೋಣೇನ ಎಂದು. ಅವಳಿಗೆ ಅವಳ ಸೊಕ್ಕಿದೆ, ಅದರಿಂದಲೇ ಅಗೆದುಕೊಳ್ಳಲಿ ಅಂದೆ.

ಸೊಕ್ಕು ಅಂದದ್ದು ಯಾಕೆ ಗೊತ್ತೇ? ನಿನ್ನ ಅವ್ವ ತಾನೇ ಕೂರಿಗೆ ಹಿಡಿದಳು. ಬಿತ್ತುವಾಗ ಬಟ್ಟಲಿಗೆ ಕಾಳು ಬಿಡುವುದು ಹೆಂಗಸರ ಕೆಲಸ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಎತ್ತು ಹೊಡೆದು ಕೂರಿಗೆ ನಡೆಸುವುದು ಗಂಡಸಿನದು. ಹೆಂಗಸು, ಅದರಲ್ಲಿ ಗಂಡ ಸತ್ತವಳು, ಕೂರಿಗೆ ಮುಟ್ಟಿದರೆ ಭೂಮಿ ಮುನಿಯುತ್ತದೆ ಎಂದು ಊರು ನಂಬಿತ್ತು. ನೀಲವ್ವ ಕಚ್ಚೆ ಹಾಕಿ, ತಲೆಗೆ ಸೆರಗು ಬಿಗಿದು, ಕೂರಿಗೆ ಹೂಡಿದಳು. ಆ ವರ್ಷ ಅವಳ ಜೋಳ ಬದುವಿನ ಆಚೆ ಆಳೆತ್ತರ ನಿಂತಿತ್ತು. ನಮ್ಮದು ಸೊಂಟಕ್ಕೆ ಇತ್ತು. ಮರುವರ್ಷವೂ ಹಾಗೇ. ನನ್ನ ಗಂಡ ಊಟಕ್ಕೆ ಕೂತಾಗ ಅಂದ, ಗಂಡಸರಕಿಂತ ಛಲೋ ಬಿತ್ತತಾಳ ನೀಲಾ ಎಂದು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಕರಿಕೆ ಬದುವಿನ ಅಡಿಯಿಂದ ನಮ್ಮ ಕಡೆ ಬರುತ್ತಿತ್ತು, ಅದು ಖರೇ. ಆದರೆ ಕರಿಕೆ ನೆವ. ನನ್ನನ್ನು ಸುಡುತ್ತಿದ್ದದ್ದು ಅವಳ ಜೋಳ.

ನನ್ನ ಅಣ್ಣ ಫಕೀರಪ್ಪ ಲೈನಿನ ಗ್ಯಾಂಗಿನಲ್ಲಿ ಇದ್ದ. ಹಳಿಯ ನಡುವಿನ ಹುಲ್ಲು ಸಾಯಿಸಲು ಅವರಿಗೆ ಆಗ ಒಂದು ಹೊಸ ನೀರು ಬಂದಿತ್ತು. ಪಾಷಾಣಕ್ಕೆ ಸೋಡಾ ಹಾಕಿ ಕುದಿಸಿದ್ದು. ಕೊಡದ ನೀರಿಗೆ ಒಂದು ಸೌಟು ಬೆರೆಸಿ ಚೆಲ್ಲಿದರೆ ವಾರದಲ್ಲಿ ಹುಲ್ಲು ಕಂದಿ ಮಲಗುತ್ತಿತ್ತು. ಹಿತ್ತಲಲ್ಲಿ ಹುಲ್ಲು ಬೆಳೆದು ಹಾವು ಬರುತ್ತವೆ, ಸ್ವಲ್ಪ ಕೊಡು ಅಂದೆ. ಸುಳ್ಳು. ಅವನು ಒಂದು ಡಬ್ಬಿ ಕದ್ದು ತಂದ. ಕೈಗೆ ಹಚ್ಚಿಕೊಳ್ಳಬೇಡ, ದನ ಕಟ್ಟಬೇಡ ಎಂದು ಹೇಳಿದ. ಮತ್ತೆ ಹುಲ್ಲು ಬರುವುದೇ ಇಲ್ಲವೇ ಎಂದು ಕೇಳಿದೆ.

“ಒಂದ ಮಳಿಗಾಲ ಹೋತಂದ್ರ ತೊಳಕೊಂಡ ಹೋಗತೈತಿ. ಲೈನ್ ಮ್ಯಾಲ ವರ್ಷಾ ಹೊಯ್ಯಬೇಕವಾ.”

ಈ ಮಾತನ್ನು ನಾನು ಗಟ್ಟಿ ಹಿಡಿದೆ. ಒಂದು ಮಳೆಗಾಲ. ಅವಳ ಒಂದು ಬೆಳೆ ಹೋಗಲಿ, ಸೊಕ್ಕು ಮುರಿಯಲಿ, ಕರಿಕೆಯೂ ಸಾಯಲಿ, ಮುಂದಿನ ವರ್ಷಕ್ಕೆ ಎಲ್ಲ ತೊಳೆದು ಹೋಗಿರುತ್ತದೆ — ಇಷ್ಟೇ ನನ್ನ ಲೆಕ್ಕ. ತೊಳೆದು ಎಲ್ಲಿಗೆ ಹೋಗುತ್ತದೆ ಎಂದು ಅವನು ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಲೈನಿನ ಮೇಲೆ ಇರುವುದು ಜಲ್ಲಿ ಕಲ್ಲು, ಹೊಲದಲ್ಲಿ ಇರುವುದು ಎರೆ ಮಣ್ಣು. ಹುಟ್ಟಿದಾಗಿನಿಂದ ಆ ಮಣ್ಣು ತುಳಿದವಳು ನಾನು. ಮಳೆಯಲ್ಲಿ ಕಾಲಿಗೆ ಅಂಟಿದ ಎರೆ ಉಜ್ಜಿದರೂ ಬಿಡುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ನೆನೆಸಿಕೊಳ್ಳಲಿಲ್ಲ. ಕೇಡು ಮಾಡುವ ಹೊತ್ತಿನಲ್ಲಿ ಬೇಕಾದ ಮಾತು ಅಷ್ಟೇ ನೆನಪಿರುತ್ತದೆ.

ಬೇಸಿಗೆಯಲ್ಲಿ ಎರೆ ಭೂಮಿ ಬಿರಿಯುತ್ತದೆ, ನೀನೂ ನೋಡಿದ್ದೀಯ. ಕೈ ಇಳಿಯುವಷ್ಟು ಅಗಲ ಬಾಯಿ ಬಿಡುತ್ತದೆ. ಮಧ್ಯಾಹ್ನ ಬಿಸಿಲಿಗೆ ಹೊಲದಲ್ಲಿ ಒಂದು ನರಪಿಳ್ಳೆಯೂ ಇಲ್ಲದಾಗ ಕೊಡ ಹೊತ್ತು ಹೋದೆ. ಬದುವಿನ ಉದ್ದಕ್ಕೂ, ಅವಳ ಕಡೆಯ ಬಿರುಕುಗಳಿಗೆ ಹೊಯ್ಯುತ್ತಾ ನಡೆದೆ. ಒಂದು ಸೌಟು ಸಾಕು ಎಂದು ಅಣ್ಣ ಹೇಳಿದ್ದ. ನಾನು ಡಬ್ಬಿಯನ್ನೇ ಕೊಡಕ್ಕೆ ಮಗುಚಿದ್ದೆ. ಬಿರುಕು ಗಟಗಟ ಕುಡಿಯಿತು. ಕೈ ನಡುಗಿತು, ಎದೆ ಹೊಡೆದುಕೊಂಡಿತು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಮನೆಗೆ ಬಂದು ಕೈ ತೊಳೆದು ಹೊಟ್ಟೆ ತುಂಬ ಉಂಡೆ.

ಕರಿಕೆ ಸತ್ತಿತು. ಕಂದಿದ ಆ ಹುಲ್ಲಿಗೆ ಉಪ್ಪಿನ ರುಚಿ ಬರುತ್ತದಂತೆ, ದನ ಹುಡುಕಿಕೊಂಡು ಬಂದು ನೆಕ್ಕುತ್ತವಂತೆ. ಅದು ನನಗೆ ಆಮೇಲೆ ತಿಳಿಯಿತು. ನಿನ್ನ ಅವ್ವನ ಜೋಡೆತ್ತಿನಲ್ಲಿ ಒಂದು ನೆಕ್ಕಿತು. ರಕ್ತ ಕಾರಿ, ರಕ್ತ ಉಚ್ಚಿ, ಗೋದಲಿಯ ಹತ್ತಿರ ಬಿದ್ದು ಸತ್ತಿತು. ಹಾವು ಕಚ್ಚಿದೆ ಎಂದು ಊರು ಹೇಳಿತು. ಹೌದು, ಹಾವೇ ಇರಬೇಕು ಎಂದು ನಾನೂ ಹೇಳಿದೆ. ಅಳುತ್ತಿದ್ದವಳ ಬೆನ್ನು ಸವರುತ್ತಾ ಪಕ್ಕದಲ್ಲಿ ಕೂತಿದ್ದೆ.

ಹಿಂಗಾರಿಗೆ ಅವಳು ಯಾರದೋ ಒಂದು ಎತ್ತು ಕೇಳಿ ತಂದು ಬಿತ್ತಿದಳು. ಮೊಳಕೆ ಬಂತು. ಗೇಣುದ್ದ ಆಯಿತು. ಬದುವಿನ ಬುಡದಿಂದ ಹಳದಿ ಶುರುವಾಗಿ, ನೀರು ಹರಿಯುವ ಕಡೆಗೆಲ್ಲ ಇಳಿದು, ಅರ್ಧ ಹೊಲ ಸುಟ್ಟ ಹಾಗೆ ಬೋಳಾಯಿತು. ಜನ ನೋಡಲು ಬಂದರು. ಆ ಮಣ್ಣಿನಲ್ಲಿ ಇರುವೆ ಗೂಡಿಲ್ಲ, ಎರೆಹುಳ ಇಲ್ಲ. ಇವತ್ತು ನೀಲವ್ವನ ಹೊಲ, ನಾಳೆ ಊರ ಹೊಲ ಎಂದು ಹೆದರಿದರು. ಚಾವಡಿಗೆ ಕರೆಸಿದರು.

ನಾನು ಕಂಬದ ಹಿಂದೆ ಹೆಂಗಸರ ನಡುವೆ ನಿಂತಿದ್ದೆ. ಗೌಡರು ಕೇಳಿದರು, ನೀ ಕೂರಿಗಿ ಹಿಡದಿದ್ದು ಖರೇ ಏನು ಎಂದು. ನಿನ್ನ ಅವ್ವ ತಲೆ ಎತ್ತಿ ಉತ್ತರ ಕೊಟ್ಟಳು. ಆ ಮಾತು ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ.

“ಖರೇ ರೀ ಗೌಡ್ರ. ಹ್ವಾದ ವರ್ಷಾನೂ ಹಿಡದಿದ್ದೆ, ಅದರ ಹಿಂದಿನ ವರ್ಷಾನೂ ಹಿಡದಿದ್ದೆ. ಆವಾಗ ಆಳೆತ್ತರ ಜ್ವಾಳ ಕೊಟ್ಟ ಭೂಮಿ ಈ ವರ್ಷ ಯಾಕ ಸಿಟ್ಟಾತು? ನೀವ ಹೇಳ್ರಿ.”

ಗೌಡರು ಮೀಸೆ ಮುಟ್ಟಿಕೊಂಡರು. ಒಬ್ಬ ಮುದುಕ, ಆಕಿ ಅನ್ನೋದೂ ಬರೋಬ್ಬರಿ ಐತಲ್ಲ ಎಂದು ಗೊಣಗಿದ. ಇನ್ನು ಸ್ವಲ್ಪ ಹೊತ್ತು, ಅಷ್ಟೇ, ಅವಳು ಗೆದ್ದು ಮನೆಗೆ ಹೋಗುತ್ತಿದ್ದಳು. ಆಗ ಅವಳು ತಿರುಗಿ ಹೆಂಗಸರ ನಡುವೆ ನನ್ನನ್ನು ಹುಡುಕಿದಳು. ಒಂದೇ ಮನೆಗೆ ಬಂದ ಸೊಸೆಯಂದಿರು ನಾವು, ಒಂದೇ ಒಲೆಯಲ್ಲಿ ಬೇಯಿಸಿದವರು.

“ಅಕ್ಕಾ, ಆ ಹೊಲ ನಿನಗೂ ಗೊತ್ತೈತಿ. ನೀ ಒಂದ ಮಾತ ಹೇಳು.”

ಚಾವಡಿಯೆಲ್ಲ ನನ್ನ ಕಡೆ ನೋಡಿತು. ನಾನು ಸುಮ್ಮನೆ ಇದ್ದಿದ್ದರೂ ಆಗುತ್ತಿತ್ತು, ಶಾಂತಾ. ಸುಮ್ಮನೆ ಇರುವುದು ಅಂಥ ಕಷ್ಟದ ಕೆಲಸವೇ? ನಾನು ಅಂದೆ —

“ಭೂಮಿತಾಯಿ ಒಲ್ಲೆ ಅಂದಿದ್ದಕ್ಕ ನಾ ಹೆಂಗ ಹೂಂ ಅನ್ನಲಿ?”

ಅಲ್ಲಿಗೆ ಮುಗಿಯಿತು. ಸ್ವಂತ ನೆಗೆಣ್ಣಿಯೇ ಹೇಳಿದಮೇಲೆ ಇನ್ನೇನು ಸಾಕ್ಷಿ ಬೇಕು? ಅವಳಿಗೆ ಯಾರೂ ಎತ್ತು ಕೊಡಬಾರದು, ಕೂರಿಗೆ ಕೊಡಬಾರದು ಎಂದು ಊರು ಮಾತಾಡಿಕೊಂಡಿತು. ನಿನ್ನ ಅವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲ ಆಗುತ್ತಿತ್ತು. ಅವಳು ನನ್ನನ್ನು ನೋಡಿದಳು, ನನ್ನ ಮಾತು ನಿಜವಿದ್ದರೂ ಇರಬಹುದು ಎನ್ನುವ ಹಾಗೆ. ಅಲ್ಲಿಯವರೆಗೆ ತನ್ನ ಮೇಲೆ ನಂಬಿಕೆ ಇದ್ದ ಹೆಂಗಸು — ಆ ಹೊತ್ತಿಗೆ ಅವಳೊಳಗೆ ಏನೋ ಮುರಿದದ್ದನ್ನು ನಾನು ಕಣ್ಣಾರೆ ಕಂಡೆ. ಕಂಡು ಮನೆಗೆ ಬಂದೆ.

ಮುಂದಿನ ಬೇಸಿಗೆಯಲ್ಲಿ ಅವಳು ಉಣಕಲ್ ಕೆರೆಯ ಗೋಡುಮಣ್ಣು ಹೊರಲು ಶುರು ಮಾಡಿದಳು. ಬುಟ್ಟಿ ಬುಟ್ಟಿ, ತಲೆಯ ಮೇಲೆ. ಭೂಮಿತಾಯಿಗೆ ಹೊಸ ಸೀರೆ ಉಡಿಸಿದ ಹಾಗೆ ಮೇಲೆ ಹರಡಿದರೆ ಸಿಟ್ಟು ಇಳಿಯುತ್ತದೆ ಎಂದು ಯಾರೋ ಹೇಳಿದ್ದರಂತೆ. ಸೋಮವಾರ ಉಪವಾಸ ಹಿಡಿದಳು. ಕೂರಿಗೆ ಮುಟ್ಟಲಿಲ್ಲ. ಬೇರೆ ಊರಿನ ಗಂಡಾಳನ್ನು ಕೈಕಾಲು ಹಿಡಿದು ಕರೆತಂದು ಬಿತ್ತಿಸಿದಳು. ಬರಲಿಲ್ಲ. ಮತ್ತೊಂದು ವರ್ಷ ಗೊಬ್ಬರ ಹಾಕಿದಳು. ಬರಲಿಲ್ಲ. ನಾನು ಬದುವಿನ ಈಚೆ ಕಸ ತೆಗೆಯುತ್ತಾ ಎಲ್ಲ ನೋಡಿದೆ. ಅವಳು ಬೆವರು ಒರೆಸಿಕೊಳ್ಳುತ್ತಾ ಕೇಳುತ್ತಿದ್ದಳು, ಈ ಸಲ ಬಂದೀತಲ್ಲಕ್ಕಾ ಎಂದು. ಬಂದೀತು ಅನ್ನುತ್ತಿದ್ದೆ.

ಎರಡು ಮಳೆಗಾಲ ಕಳೆದಮೇಲೆ ನಾನು ಅಣ್ಣನ ಹತ್ತಿರ ಹೋಗಿ ಜಗಳ ತೆಗೆದೆ. ತೊಳೆದು ಹೋಗುತ್ತದೆ ಅಂದಿದ್ದೆಯಲ್ಲ, ಯಾಕೆ ಹೋಗಲಿಲ್ಲ ಎಂದು. ಹೊಲಕ್ಕೆ ಹೊಯ್ದೆ ಎಂದಾಗ ಅವನ ಮುಖ ಬಿಳಿಚಿತು.

“ಹೊಲಕ್ಕೇನ ಹುಚ್ಚಿ? ಲೈನ್ ಮ್ಯಾಲ ಕಲ್ಲ ಅದಾವ, ನೀರ ಬಸದ ಹೋಗತೈತಿ. ಎರಿ ಭೂಮಿ ಕುಡದದ್ದ ಬಿಟ್ಟೀತೇನ? ಯಾರ ಮುಂದೂ ಬಾಯಿ ಬಿಡಬ್ಯಾಡ, ನನ್ನ ನೌಕರಿ ಹೋಗತೈತಿ.”

ಬಾಯಿ ಬಿಡಲಿಲ್ಲ. ಅವನ ನೌಕರಿಗಾಗಿ ಅಲ್ಲ. ಅಣ್ಣ ಸತ್ತು ಬಹಳ ವರ್ಷ ಆಯಿತು, ಆಮೇಲೂ ಬಿಡಲಿಲ್ಲವಲ್ಲ.

ನಿನ್ನ ಅವ್ವ ಒಂದು ಮುಂಜಾನೆ ನಮ್ಮ ಪಡಸಾಲೆಗೆ ಬಂದು, ಹೊಲ ನೀವ ಮಾಡ್ರಿ, ನನ್ನ ಕೈಗುಣ ಚಲೋ ಇಲ್ಲ ಅಂದಳು. ನಿನ್ನ ಕೈ ಹಿಡಿದುಕೊಂಡು ಹಳೇ ಹುಬ್ಬಳ್ಳಿಗೆ ಹೋದಳು. ಜೀನಿನ ಗಿರಣಿಯಲ್ಲಿ ಹತ್ತಿ ಆರಿಸಿ ನಿನ್ನನ್ನು ಸಾಲೆಗೆ ಕಳಿಸಿದಳು. ನೀನು ಇದನ್ನು ಓದುತ್ತಿರುವುದು ಅವಳು ನುಂಗಿದ ಹತ್ತಿಯ ಧೂಳಿನಿಂದ. ಕೆಳಗಿನ ಹೊಲದಲ್ಲಿ ಬೋಳಾಗದೆ ಉಳಿದ ಭಾಗವನ್ನು ನಾವು ಮಾಡಿದೆವು. ಮೊದಮೊದಲು ಅವಳ ಪಾಲಿನ ಜೋಳ ಕಳಿಸಿದೆವು. ಆಮೇಲೆ ಮರೆತೆವು — ಮರೆಯಲಿಲ್ಲ, ಬಿಟ್ಟೆವು.

ಇಷ್ಟು ವರ್ಷದಲ್ಲಿ ಎಷ್ಟು ಮಳೆ ಬಂತು. ಕೆರೆ ಕೋಡಿ ಹರಿದ ವರ್ಷಗಳೂ ಇದ್ದವು. ಸ್ವರಾಜ್ಯವೂ ಬಂತು. ಆ ನೆಲ ಕುಡಿದದ್ದನ್ನು ಬಿಡಲಿಲ್ಲ. ಈಗೀಗ ಒಂದು ಚಿಗುರು ಬಂದಿದೆ, ಅದೂ ಕರಿಕೆ. ಯಾವುದನ್ನು ಕೊಲ್ಲಲು ಹೊಯ್ದೆನೋ ಅದೇ ಎಲ್ಲಕ್ಕಿಂತ ಮೊದಲು ಎದ್ದು ಕೂತಿದೆ. ಜೋಳ ಈಗಲೂ ಏಳುವುದಿಲ್ಲ. ಮಲ್ಲಪ್ಪ ಹೋದ ವರ್ಷ ಒಂದು ಸಾಲು ಬಿತ್ತಿ ನೋಡಿದ್ದಾನೆ, ನಿನಗೆ ಹೇಳಲಿಲ್ಲ. ಈ ಬೇಸಿಗೆಯಲ್ಲಿ ಕುರುಬರ ಒಂದು ಆಡು ಅಲ್ಲಿ ಮೇಯ್ದು ನಾಲ್ಕು ದಿನ ಭೇದಿ ಹತ್ತಿ ಬಿದ್ದಿತ್ತು. ನನಗೆ ಅಷ್ಟೇ ಸಾಕು. ಹಸಿರಾದದ್ದೆಲ್ಲ ಶುದ್ಧವಾಯಿತು ಎಂದಲ್ಲ.

ನಿನ್ನ ಮಗಳಿಗೆ ಹೊಡೆದ ಮರುದಿನ ನಾನು ಚಾವಡಿಗೆ ಹೋದೆ. ಆಗಿನ ಗೌಡರು ಇಲ್ಲ, ಅವರ ಮಗ ಇದ್ದಾನೆ. ಹತ್ತು ಜನ ಕೂತಿದ್ದರು. ನಿಂತುಕೊಂಡು ಎಲ್ಲ ಹೇಳಿದೆ, ಇಲ್ಲಿ ಬರೆದ ಹಾಗೆ. ಏನು ಮಾಡಿದರು ಗೊತ್ತೇ? ನಕ್ಕರು. ಆಯಿ, ಬಿಸಿಲಾಗ ತಿರಗಬ್ಯಾಡ್ರಿ ಎಂದು ಒಬ್ಬ ನೀರು ತಂದು ಕೊಟ್ಟ. ನಮ್ಮಪ್ಪ ಸುಳ್ಳ ಹೇಳಿದ್ನೇನ ಹಂಗಾರ ಎಂದು ಗೌಡನ ಮಗ ಕೇಳಿದ. ಹೌದು, ನಿಮ್ಮಪ್ಪ ತಪ್ಪು ಹೇಳಿದ, ನಾನು ಸುಳ್ಳು ಹೇಳಿದೆ ಅಂದೆ. ಅವನು ತಂಬಾಕು ಉಗುಳಿ ಬಂದು ಕೂತ.

“ಆಯಿ, ವಿಷ ಅಂದ್ರ ಒಂದ ವರ್ಷ ಇರತೈತಿ, ಎರಡ ವರ್ಷ ಇರತೈತಿ. ಇಂಗ್ರೇಜಿಯವ್ರು ಹೋದ್ರೂ ಇರತೈತೇನ? ಇಷ್ಟ ವರ್ಷ ಇರೋದಂದ್ರ ಶಾಪ ಒಂದ.”

ಎಲ್ಲರೂ ತಲೆ ಆಡಿಸಿದರು. ನೋಡು, ನನ್ನ ವಿಷ ಎಷ್ಟು ಗಟ್ಟಿ ಎಂದರೆ, ಅದು ವಿಷ ಎಂದೇ ಯಾರೂ ನಂಬುವುದಿಲ್ಲ. ಅವರ ಕಡೆಯಿಂದ ನೋಡಿದರೆ ಅದೇ ಸಸಾರ. ನಾನು ಹೇಳಿದ್ದು ನಿಜ ಎಂದಾದರೆ, ಒಬ್ಬ ಹೆಂಗಸು ಕೂರಿಗೆ ಹಿಡಿದು ಆಳೆತ್ತರ ಜೋಳ ಬೆಳೆದದ್ದೂ ನಿಜ ಎಂದು ಒಪ್ಪಬೇಕಾಗುತ್ತದೆ. ಎತ್ತು ಕೊಡದೆ ಅವಳನ್ನು ಊರು ಬಿಡಿಸಿದವರು ತಾವು ಎಂದು ಒಪ್ಪಬೇಕಾಗುತ್ತದೆ. ಅದಕ್ಕಿಂತ ಮುದುಕಿಗೆ ಅರಳು ಮರಳು ಎನ್ನುವುದು ಸುಲಭ. ಹೊಟ್ಟೆ ಉರಿಯಿತು. ಉರಿಯಲಿ. ಈ ಬೆಂಕಿ ಹಚ್ಚಿದವಳೂ ನಾನೇ.

ನೀನೂ ನಂಬದಿದ್ದರೆ ಹೋಗಿ ನೋಡು. ಬೋಳು ಎಲ್ಲಿಂದ ಶುರುವಾಗಿದೆ? ಸರಿಯಾಗಿ ಬದುವಿನ ಬುಡದಿಂದ, ನಾನು ಕೊಡ ಹಿಡಿದು ನಡೆದ ಗೆರೆಯಿಂದ. ಅಲ್ಲಿಂದ ಮಳೆನೀರು ಹರಿಯುವ ದಾರಿ ಹಿಡಿದು ಇಳಿದಿದೆ. ಶಾಪ ಇಳಿಜಾರು ನೋಡಿಕೊಂಡು ಹರಿಯುತ್ತದೆಯೇ?

ಮಲ್ಲಪ್ಪನಿಗೂ ಹೇಳಿದೆ. ಅವನು ನಂಬಿದ, ಅದೇ ಅವನಿಗೆ ಕಷ್ಟವಾಗಿದೆ. ಮೇಲಿನ ಹೊಲ ಶಾಂತಳಿಗೆ ಕೊಡು, ಕೆಳಗಿನದು ನಾವು ಇಟ್ಟುಕೊಳ್ಳೋಣ ಅಂದೆ. ಕಾಗದದಲ್ಲಿ ಅವರ ಪಾಲು ಕೆಳಗಿನದೇ ಇದೆಯಲ್ಲ ಅಂದ. ಕಾಗದ ಬರೆಯುವಾಗ ಕೆಳಗಿನ ಮಣ್ಣಿನಲ್ಲಿ ನನ್ನ ಪಾಷಾಣ ಇರಲಿಲ್ಲ ಅಂದೆ. ಹಾಗಾದರೆ ನಮ್ಮ ಮಕ್ಕಳು ಏನು ತಿನ್ನಬೇಕು ಎಂದು ಕೂಗಿದ. ನಾನೂ ಕೂಗಿದೆ. ಓಣಿ ಎಲ್ಲ ಬಾಗಿಲಿಗೆ ಬಂದು ನಿಂತಿತ್ತು. ಆ ಜಗಳದ ನಡುವೆ ಅವನು ಇನ್ನೊಂದು ಮಾತು ಹೇಳಿದ. ಹುಬ್ಬಳ್ಳಿಯ ಅಂಗಡಿಗೆ ಕಸ ಸಾಯಿಸುವ ಹೊಸ ಔಷಧಿ ಬರುತ್ತದಂತೆ, ಮೇಲಿನ ಹೊಲದ ಬದುವಿಗೆ ತರಬೇಕು ಎಂದುಕೊಂಡಿದ್ದನಂತೆ, ಒಂದು ಮಳೆಗೆ ತೊಳೆದು ಹೋಗುತ್ತದಂತೆ. ಔಷಧಿ ಅಂತೆ! ರೋಗ ವಾಸಿ ಮಾಡುವುದಕ್ಕೂ ಅದೇ ಹೆಸರು, ಇದಕ್ಕೂ ಅದೇ ಹೆಸರು. ಹೊಸ ಡಬ್ಬಿಯಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಹೇಳಿದವನಿಗೆ ಗೊತ್ತಿದೆಯೇ ಎಂದು ಕೇಳಿದೆ. ಯಾವ ಮಣ್ಣಿನ ಮೇಲೆ ಹೊಯ್ದು ನೋಡಿದ್ದಾನೆ, ಎಷ್ಟು ವರ್ಷ ಕೂತು ನೋಡಿದ್ದಾನೆ, ತೊಳೆದದ್ದು ಯಾರ ಬಾವಿಗೆ ಹೋಯಿತು ಎಂದು ಕೇಳಿಕೊಂಡು ಬಾ ಅಂದೆ.

ನನ್ನ ಹೆಸರಿನಲ್ಲಿ ಒಂದು ಗೇಣು ಭೂಮಿ ಇಲ್ಲ. ಇದ್ದಿದ್ದರೆ ಈ ಕಾಗದದ ಜೊತೆ ಅದನ್ನೇ ಕಳಿಸುತ್ತಿದ್ದೆ. ನನ್ನ ಕೈಲಿ ಆಗುವುದು ಒಂದೇ. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಬೇರೆ ಒಲೆ ಹೂಡಿದ್ದೇನೆ. ಮೇಲಿನ ಹೊಲ ನಿನಗೆ ಬಿಡುವವರೆಗೆ ಮಗನ ಅಡಿಗೆ ಮುಟ್ಟುವುದಿಲ್ಲ. ಯಾಕೆ ಬೇರೆ ಬೇಯಿಸಿಕೊಳ್ಳುತ್ತೀ ಎಂದು ಓಣಿಯ ಹೆಂಗಸರು ದಿನಾ ಕೇಳುತ್ತಾರೆ. ದಿನಾ ಹೇಳುತ್ತೇನೆ. ಚಾವಡಿಯ ಗಂಡಸರು ನಕ್ಕ ಹಾಗೆ ಇವರು ನಗುವುದಿಲ್ಲ. ಒಬ್ಬಳು ನಿನ್ನೆ ಕೇಳಿ ಎದ್ದು ಹೋದವಳು ತಿರುಗಿ ಬಂದು ನನ್ನ ಮುಖದ ಮೇಲೆ ಉಗುಳಿದಳು. ಅವಳ ಅವ್ವ ನೀಲವ್ವನ ಗೆಳತಿ. ಒರೆಸಿಕೊಂಡೆ. ಅವಳು ನಂಬಿದ್ದಾಳೆ ಎಂದು ಸಮಾಧಾನವಾಯಿತು. ಮಲ್ಲಪ್ಪ ಇನ್ನೂ ಹೂಂ ಅಂದಿಲ್ಲ. ಅನ್ನುತ್ತಾನೆ. ನನ್ನ ಹಟ ಎಂಥದ್ದು ಎಂದು ಈಗ ನಿನಗೆ ಗೊತ್ತಾಗಿರಬೇಕು.

ಕ್ಷಮಿಸು ಎಂದು ಬರೆಯುವುದಿಲ್ಲ. ಕ್ಷಮಿಸಬೇಕಾದವಳು ಇಲ್ಲ. ಅವಳ ಪರವಾಗಿ ನೀನು ಕ್ಷಮಿಸಿದರೆ ನಾನು ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಇದೆ. ಬರೆಯಬಾರದು ಅಂದುಕೊಂಡಿದ್ದೆ. ನಿನ್ನ ಅವ್ವ ಕೊನೆಗೆ ಹಾಸಿಗೆ ಹಿಡಿದಾಗ ನಾನು ಹಳೇ ಹುಬ್ಬಳ್ಳಿಗೆ ಬಂದಿದ್ದೆನಲ್ಲ. ನೀನು ಚಾ ಮಾಡಿ ಕೊಟ್ಟು ನೀರು ತರಲು ನಳಕ್ಕೆ ಹೋದೆ. ಆಗ ಅವಳು ಕೆಮ್ಮು ತಡೆದುಕೊಂಡು ನನ್ನ ಕೈ ಹಿಡಿದು ಕೇಳಿದಳು.

“ಅಕ್ಕಾ, ನಾ ಏನ ತಪ್ಪ ಮಾಡಿದ್ದೆ ಅಂತ ಭೂಮಿತಾಯಿ ನನ್ನ ಒಲ್ಲೆ ಅಂದ್ಲು?”

ಮನೆಯಲ್ಲಿ ನಾವಿಬ್ಬರೇ. ನನ್ನ ಅಣ್ಣನೂ ಬದುಕಿರಲಿಲ್ಲ, ಗೌಡರೂ ಇಲ್ಲ, ನನ್ನ ಗಂಡನೂ ಇಲ್ಲ. ಯಾರ ಭಯವೂ ಇರಲಿಲ್ಲ. ಒಂದು ಮಾತು. ಅವಳು ನನ್ನನ್ನು ಶಪಿಸುತ್ತಿದ್ದಳು, ಶಪಿಸಿ ಹಗುರಾಗಿ ಸಾಯುತ್ತಿದ್ದಳು. ನಾನು ಚಾ ಆರತೈತಿ, ಕುಡಿ ಅಂದೆ. ಅವಳು ಕುಡಿದಳು.

ಅವಳು ಕೇಳಿದ್ದಕ್ಕೆ ಉತ್ತರ ಇದು. ಅವಳಿಗೆ ಮುಟ್ಟಿಸಲಿಲ್ಲ, ನಿನಗೆ ಮುಟ್ಟಿಸಿದ್ದೇನೆ. ಮೇಲಿನ ಹೊಲ ನೋಡಲು ಬರುವಾಗ ಕುಡಿಯುವ ನೀರು ಮನೆಯಿಂದಲೇ ತಾ. ಬದುವಿನ ಕೆಳಗಿನ ತಗ್ಗಿನಲ್ಲಿ ಮಳೆನೀರು ನಿಂತಿದೆ, ಕನ್ನಡಿಯಂತೆ ತಿಳಿಯಾಗಿ ಕಾಣುತ್ತದೆ. ಮಗಳನ್ನು ಅದರ ಹತ್ತಿರ ಬಿಡಬೇಡ.